ನನ್ನ ಪಟ್ಟಿಯ ಜನ

1985ರ ಬೇಸಿಗೆಯಲ್ಲಿ ನಾನು ಇಂಗ್ಲೆಂಡಿನ ದಕ್ಷಿಣ ಯಾರ್ಕ್‌ಷೈರಿನ ಕಲ್ಲಿದ್ದಲು ಗಣಿಯ ಊರೊಂದರಲ್ಲಿ ಫ್ಯಾಮಿಲಿ ಡಾಕ್ಟರಾಗಿ ಸೇರಿಕೊಂಡೆ. ಸೇರಿದ ದಿನವೇ ಸುಮಾರು ಎರಡು ಸಾವಿರ ಜನ ನನ್ನವರಾದರು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ, ಎಲ್ಲರೂ ಎನ್‌ಎಚ್‌ಎಸ್ ಎನ್ನುವ ಆ ವ್ಯವಸ್ಥೆಯಲ್ಲಿ, ಆಗಿನ ಕಾನೂನು ಹಾಗಿತ್ತು. ಪ್ರತಿಯೊಬ್ಬರ ಹೆಸರೂ ಯಾರಾದರೊಬ್ಬ ಡಾಕ್ಟರ ಪಟ್ಟಿಯಲ್ಲಿರಬೇಕು. ಪಟ್ಟಿಯಲ್ಲಿ ಹೆಸರಿದ್ದವರ ಹೊಣೆ ಹಗಲೂ ರಾತ್ರಿ ಆ ಡಾಕ್ಟರದ್ದು. ತಲೆಗಿಷ್ಟು ಎಂದು ಸರ್ಕಾರ ಹಣ ಕೊಡುತ್ತಿತ್ತು. ರೋಗಿ ಡಾಕ್ಟರಿಗೆ ಕಾಸು ಕೊಡುವ ಮಾತೇ ಇರಲಿಲ್ಲ. 1948ರ ಜುಲೈ 5ರಂದು ಈ ಸೇವೆಯನ್ನು ಆರಂಭಿಸಿದ ಆರೋಗ್ಯ ಮಂತ್ರಿ ಅನೈರಿನ್ ಬೆವನ್ ಹುಡುಗನಾಗಿದ್ದಾಗ ತಾವೇ ವೇಲ್ಸಿನ ಗಣಿಗೆ ಇಳಿದಿದ್ದವರು. ಆ ಗಣಿ ಊರಿನ ಮುದುಕರು ಅವರ ಹೆಸರು ಹೇಳುವಾಗ ನಮ್ಮ ಕಡೆ ಹಿರಿಯರು ವಿಶ್ವೇಶ್ವರಯ್ಯನವರ ಹೆಸರು ಹೇಳುವಾಗಿನ ಗೌರವ ಕಾಣುತ್ತಿತ್ತು.

ನಾನು ಓದಿದ್ದು ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜಿನಲ್ಲಿ. ಭಾರತದ ವೈದ್ಯಕೀಯ ಪದವಿಗಳಿಗೆ ಇಂಗ್ಲೆಂಡಿನಲ್ಲಿದ್ದ ನೇರ ಮಾನ್ಯತೆ 1975ರಲ್ಲಿ ತಪ್ಪಿಹೋಗಿತ್ತು, ಹಾಗಾಗಿ ಪ್ಲ್ಯಾಬ್ ಪರೀಕ್ಷೆ ಬರೆದು ಒಳಗೆ ಬಂದವನು ನಾನು. ದೊಡ್ಡ ಆಸ್ಪತ್ರೆಗಳ ದೊಡ್ಡ ಹುದ್ದೆಗಳು ನಮ್ಮಂಥವರಿಗೆ ಸಿಗುವುದು ಕಷ್ಟವಾಗಿತ್ತು. ಗಣಿ ಊರುಗಳಲ್ಲಿ, ಬಟ್ಟೆ ಗಿರಣಿಗಳ ಪಟ್ಟಣಗಳಲ್ಲಿ, ಲಂಡನ್ನಿನ ಬಡ ಬೀದಿಗಳಲ್ಲಿ ಡಾಕ್ಟರುಗಳು ಬೇಕಾಗಿದ್ದರು. ಇಂಗ್ಲಿಷ್ ಡಾಕ್ಟರುಗಳಿಗೆ ಅಲ್ಲಿಗೆ ಹೋಗುವ ಮನಸ್ಸಿರಲಿಲ್ಲ. ಅಲ್ಲಿಗೆ ನಾವು ಹೋದೆವು. ಹುಬ್ಬಳ್ಳಿ, ಮೈಸೂರು, ಬಳ್ಳಾರಿ, ಮಣಿಪಾಲಗಳಲ್ಲಿ ಕಲಿತ ಎಷ್ಟೋ ಕನ್ನಡಿಗರು ಹೀಗೆ ಇಂಗ್ಲೆಂಡಿನ ಬಡವರ ಡಾಕ್ಟರುಗಳಾದರು. ವೇಲ್ಸಿನ ಗಣಿಹಳ್ಳಿ ಗ್ಲಿನ್‌ಕೋರಗ್‌ನಲ್ಲಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ಫ್ಯಾಮಿಲಿ ಡಾಕ್ಟರು 1971ರಲ್ಲೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಮಾತು ಬರೆದಿದ್ದರು: ಒಳ್ಳೆಯ ವೈದ್ಯಕೀಯ ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಎಂದು. ನನ್ನೂರಿನಲ್ಲಿ ನಾನು ದಿನವೂ ಅದನ್ನೇ ಕಾಣುತ್ತಿದ್ದೆ.

ನಾನು ಯಾರ ಪಟ್ಟಿಯನ್ನು ವಹಿಸಿಕೊಂಡೆನೋ ಆ ಸ್ಕಾಟ್ಲೆಂಡಿನ ಹಿರಿಯ ಡಾಕ್ಟರು ಎನ್‌ಎಚ್‌ಎಸ್ ಶುರುವಾದ ಕಾಲದಿಂದ ಅಲ್ಲಿದ್ದವರು. ದವಾಖಾನೆಯ ಹಿಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಕಪಾಟಿನ ತುಂಬ ಅಂಗೈಗಿಂತ ಸ್ವಲ್ಪ ದೊಡ್ಡದಾದ ಕಂದು ಲಕೋಟೆಗಳು. ಒಬ್ಬೊಬ್ಬರಿಗೆ ಒಂದೊಂದು. ಲಾಯ್ಡ್ ಜಾರ್ಜ್ ಲಕೋಟೆ ಎಂದು ಅವುಗಳ ಹೆಸರು. 1911ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆ ತಂದ ಲಾಯ್ಡ್ ಜಾರ್ಜರ ನೆನಪಿಗೆ. ಒಳಗೆ ರಟ್ಟಿನ ಕಾರ್ಡುಗಳು, ಒಂದರ ಹಿಂದೆ ಒಂದು ದಾರದಲ್ಲಿ ಪೋಣಿಸಿದವು. ಒಂದು ಸಲದ ಭೇಟಿಗೆ ಒಂದೇ ಸಾಲು, ಹೆಚ್ಚೆಂದರೆ ಎರಡು. "ಕೆಮ್ಮು. ಪಾಳಿ ಬದಲಾಗಿದೆ. ಹೆಂಡತಿಯ ತಾಯಿ ಮನೆಯಲ್ಲಿ." ಇಷ್ಟೇ ಬರೆದು ಆ ಹಿರಿಯರು ಔಷಧಿಯ ಹೆಸರು ಬರೆದಿರುತ್ತಿದ್ದರು. ಆ ಸಾಲುಗಳಿಗೆ ಎಷ್ಟು ಬೆಲೆ ಇತ್ತೆಂದು ಮುಂದೆ ಗೊತ್ತಾಯಿತು. 1998ರಲ್ಲಿ ಹೈಕೋರ್ಟು ಗಣಿ ಕಾರ್ಮಿಕರ ಶ್ವಾಸಕೋಶದ ಕಾಯಿಲೆಗೆ ಪರಿಹಾರ ಕೊಡಬೇಕೆಂದು ತೀರ್ಪು ಕೊಟ್ಟ ಮೇಲೆ ದೇಶದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಆಗ ಈ ಲಕೋಟೆಗಳು ಹೊರಬಂದವು. ಒಬ್ಬ ಮನುಷ್ಯ 1957ರಿಂದ ಕೆಮ್ಮುತ್ತಿದ್ದ ಎಂಬುದಕ್ಕೆ ಆ ಸ್ಕಾಟಿಷ್ ಡಾಕ್ಟರ ಒಂದು ಸಾಲಿನ ಹೊರತು ಬೇರೆ ಸಾಕ್ಷಿ ಇರಲಿಲ್ಲ. ವಿಧವೆಯರಿಗೆ ಹಣ ಬಂದದ್ದು ಆ ಸಾಲಿನಿಂದ.

ರಾತ್ರಿಯ ಫೋನು ಬರುತ್ತಿದ್ದದ್ದು ನಮ್ಮ ಮನೆಗೇ. ಡಾಕ್ಟರು ಹೊರಗೆ ಹೋಗಿರುವಾಗ ಅದನ್ನು ಎತ್ತಬೇಕಾದವಳು ಡಾಕ್ಟರ ಹೆಂಡತಿ. ದೇಶದ ತುಂಬ ಸಾವಿರಾರು ಹೆಂಗಸರು ಸಂಬಳವಿಲ್ಲದೆ, ಹೆಸರಿಲ್ಲದೆ ಈ ಕೆಲಸ ಮಾಡಿದರು, ಎನ್‌ಎಚ್‌ಎಸ್ ಇತಿಹಾಸ ಬರೆಯುವವರು ಇವರಿಗಾಗಿ ಒಂದು ಅಧ್ಯಾಯ ಇಡಬೇಕು. ಧಾರವಾಡದಲ್ಲಿ ಹುಟ್ಟಿ ಬೆಳೆದ ನನ್ನ ಹೆಂಡತಿ ಯಾರ್ಕ್‌ಷೈರಿನ ಗಣಿ ಜನರ ಮಾತನ್ನು ನನಗಿಂತ ಬೇಗ ಕಲಿತಳು. ಫೋನಿನಲ್ಲಿ ಉಸಿರಿನ ಸದ್ದು ಕೇಳಿಯೇ ಆಕೆಗೆ ತಿಳಿಯುತ್ತಿತ್ತು. "ಮೂಲೀಮನಿ ಅಜ್ಜನ ಹೆಂಡತಿ ರೀ. ಅಳಲಿಕ್ಕೆ ಹತ್ಯಾಳ. ಆಕಿ ಸುಮ್ಮಸುಮ್ಮನ ಫೋನ್ ಮಾಡಾಕಿ ಅಲ್ಲ, ಲಗೂನ ಏಳ್ರಿ" ಎಂದು ಎಬ್ಬಿಸಿದ ರಾತ್ರಿ ನಾನು ಹೋಗಿ ಕೂತದ್ದು ಕಲ್ಲಿದ್ದಲು ದೂಳು ತುಂಬಿದ ಎದೆಯ ಒಬ್ಬ ಮುದುಕರ ಹಾಸಿಗೆಯ ಪಕ್ಕ. ಮಾರ್ಫಿನ್ ಕೊಟ್ಟೆ. ಅವರು ಆಸ್ಪತ್ರೆ ಬೇಡ ಎಂದು ತಿಂಗಳುಗಳ ಹಿಂದೆಯೇ ನನ್ನ ಹತ್ತಿರ ಹೇಳಿದ್ದರು, ಆದ್ದರಿಂದ ಆ ರಾತ್ರಿ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಬೆಳಗಿನ ಜಾವ ಅವರು ಹೋದರು. ಆಕೆ ಚಹಾ ಮಾಡಿಕೊಟ್ಟರು, ಕುಡಿದು ಅಲ್ಲಿಂದಲೇ ದವಾಖಾನೆಗೆ ಹೋದೆ. ಪಟ್ಟಿ ಎಂದರೆ ಏನೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ರಾತ್ರಿ.

ಹಾಗೆಂದು ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ನಮ್ಮೂರಿನ ಸುತ್ತಮುತ್ತಲೇ ಮನೆಯ ಮುಂದಿನ ಕೋಣೆಯಲ್ಲೇ ದವಾಖಾನೆ ನಡೆಸುತ್ತ, ನರ್ಸ್ ಇಲ್ಲದೆ, ರೋಗಿಯ ಬಟ್ಟೆ ಬಿಚ್ಚಿಸದೆ, ಎರಡು ನಿಮಿಷಕ್ಕೆ ಒಬ್ಬರಂತೆ ಚೀಟಿ ಬರೆದು ಕಳಿಸುತ್ತಿದ್ದವರೂ ಇದ್ದರು. ಸಕ್ಕರೆ ಕಾಯಿಲೆಯವರ ಕಣ್ಣು, ಕಾಲು ನೋಡುವ ಪದ್ಧತಿಯೇ ಇರಲಿಲ್ಲ. ಬಿಪಿ ಯಾರಿಗಿದೆ ಎಂದು ಹುಡುಕಿ ನೋಡಿದವರು ಕಡಿಮೆ; ಟ್ಯೂಡರ್ ಹಾರ್ಟ್ ತಮ್ಮ ಹಳ್ಳಿಯ ಎಲ್ಲರ ಬಿಪಿ ಅಳೆದರೆಂದು ಅವರನ್ನು ವಿಚಿತ್ರ ಮನುಷ್ಯ ಎಂದುಕೊಂಡ ಡಾಕ್ಟರುಗಳೂ ಇದ್ದರು. ಸುಧಾರಣೆ ಬೇಕಾಗಿತ್ತು.

ಅದು 1990ರ ಏಪ್ರಿಲ್ 1ರಂದು ಬಂತು. ಮಾರ್ಗರೆಟ್ ಥ್ಯಾಚರ್ ಸರ್ಕಾರದ ಆರೋಗ್ಯ ಮಂತ್ರಿ ಕೆನೆತ್ ಕ್ಲಾರ್ಕ್ ಡಾಕ್ಟರುಗಳ ಸಂಘದ ವಿರೋಧವನ್ನು ಬದಿಗೆ ಸರಿಸಿ ಹೊಸ ಒಪ್ಪಂದ ಜಾರಿಗೆ ತಂದರು. ನಾವೆಲ್ಲ ಸಿಟ್ಟಾಗಿದ್ದೆವು. ಪಟ್ಟಿಯ ಮಕ್ಕಳಲ್ಲಿ ಶೇ 90ರಷ್ಟು ಮಂದಿಗೆ ಲಸಿಕೆ ಆದರೆ ಇಷ್ಟು ಹಣ, ಶೇ 70 ಆದರೆ ಅಷ್ಟು, ಅದಕ್ಕಿಂತ ಕೆಳಗಿದ್ದರೆ ಏನೂ ಇಲ್ಲ. ಹೆಂಗಸರ ಗರ್ಭಕಂಠದ ಸ್ಮಿಯರ್ ಪರೀಕ್ಷೆಗೂ ಹೀಗೆಯೇ, 80 ಮತ್ತು 50. ಎಪ್ಪತ್ತೈದು ದಾಟಿದವರನ್ನೆಲ್ಲ ವರ್ಷಕ್ಕೊಮ್ಮೆ ನೋಡಬೇಕು. ಗಣಿ ಊರಿನ ಹೆಂಗಸರು ಸ್ಮಿಯರ್ ಎಂದರೆ ಮುಖ ತಿರುಗಿಸುತ್ತಿದ್ದರು, ಅದೂ ಗಂಡಸು ಡಾಕ್ಟರ ಹತ್ತಿರ. ಶೇ 80 ಮುಟ್ಟುವುದು ಲೀಡ್ಸ್ ನಗರದ ಶ್ರೀಮಂತ ಬಡಾವಣೆಗಳ ಡಾಕ್ಟರಿಗೆ ಸುಲಭ, ನಮಗೆ ಬೆಟ್ಟ ಹತ್ತಿದ ಹಾಗೆ. ಆದರೂ ಒಬ್ಬ ಒಳ್ಳೆಯ ನರ್ಸನ್ನು ನೇಮಿಸಿಕೊಂಡೆವು. ಆಕೆ ಅದೇ ಊರಿನವಳು. ಮಾರುಕಟ್ಟೆಯಲ್ಲಿ, ಬಿಂಗೊ ಆಟದ ಹಾಲ್‌ನಲ್ಲಿ ಹೆಂಗಸರನ್ನು ಹಿಡಿದು ಮಾತಾಡಿಸಿ ಕರೆತಂದಳು. ಇಂಗ್ಲೆಂಡಿನಲ್ಲಿ 1988ರಲ್ಲಿ ಶೇ 42ರಷ್ಟು ಹೆಂಗಸರಿಗೆ ಆಗುತ್ತಿದ್ದ ಈ ಪರೀಕ್ಷೆ 1994ರ ಹೊತ್ತಿಗೆ ಶೇ 85ಕ್ಕೆ ಏರಿತು, ಆ ಕ್ಯಾನ್ಸರಿನಿಂದ ಸಾಯುವವರು ಕಡಿಮೆಯಾದರು. ನಾವು ವಿರೋಧಿಸಿದ ಒಪ್ಪಂದ ಹೆಂಗಸರ ಜೀವ ಉಳಿಸಿತು. ಅದನ್ನು ಹೇಳಲೇಬೇಕು.

ಮರುವರ್ಷ ಬಂದದ್ದು ಫಂಡ್‌ಹೋಲ್ಡಿಂಗ್. ದೊಡ್ಡ ಪಟ್ಟಿಯ ದವಾಖಾನೆಗಳಿಗೆ ಸರ್ಕಾರ ಹಣವನ್ನೇ ಕೈಗೆ ಕೊಟ್ಟು, ನಿಮ್ಮ ರೋಗಿಗಳಿಗೆ ಬೇಕಾದ ಆಪರೇಷನ್ನುಗಳನ್ನು ಆಸ್ಪತ್ರೆಗಳಿಂದ ನೀವೇ ಕೊಂಡುಕೊಳ್ಳಿ ಎಂದಿತು. ಮೊದಲು 11,000 ರೋಗಿಗಳಿದ್ದವರಿಗೆ ಮಾತ್ರ, ಆಮೇಲೆ ಮಿತಿ ಇಳಿಯುತ್ತ ಬಂತು. ಮೂರನೆಯ ವರ್ಷ ನಾವೂ ಸೇರಿದೆವು. ಲೆಕ್ಕಪತ್ರಕ್ಕೆ ಒಬ್ಬ ಮ್ಯಾನೇಜರು ಬಂದ. ನಮ್ಮ ದವಾಖಾನೆಯಲ್ಲೇ ವಾರಕ್ಕೆರಡು ದಿನ ಫಿಸಿಯೋಥೆರಪಿಸ್ಟ್ ಕೂರುವಂತಾಯಿತು. ಬೆನ್ನು ಮುರಿದುಕೊಂಡ ಗಣಿ ಕಾರ್ಮಿಕರಿಗೆ ಅದು ನಿಜವಾದ ಉಪಕಾರ. ಆದರೆ ಒಂದೇ ಬೀದಿಯ ಎದುರುಬದಿರು ಮನೆಗಳಲ್ಲಿ ಇಬ್ಬರಿಗೆ ಕಣ್ಣಿನ ಪೊರೆ ಬಂದರೆ, ನಮ್ಮ ಪಟ್ಟಿಯವರಿಗೆ ಬೇಗ ಆಪರೇಷನ್, ಪಕ್ಕದ ದವಾಖಾನೆಯವರಿಗೆ ತಿಂಗಳುಗಟ್ಟಲೆ ಕಾಯುವುದು. ಅವರಿಬ್ಬರೂ ಒಂದೇ ಗಣಿಯಲ್ಲಿ ದುಡಿದವರು. ಚೀಟಿ ಬರೆಯುವ ಕೈಯಲ್ಲೇ ಹಣದ ಚೀಲವನ್ನೂ ಕೊಡಬಾರದು ಎಂದು ನನಗೆ ಮನವರಿಕೆಯಾದದ್ದು ಆಗ. ಟೋನಿ ಬ್ಲೇರ್ ಸರ್ಕಾರ 1999ರಲ್ಲಿ ಅದನ್ನು ರದ್ದು ಮಾಡಿತು. ಆಮೇಲೆ ಪ್ರೈಮರಿ ಕೇರ್ ಗ್ರೂಪ್, ಅದಾದ ಮೇಲೆ ಪ್ರೈಮರಿ ಕೇರ್ ಟ್ರಸ್ಟ್, 2013ರಲ್ಲಿ ಮತ್ತೊಂದು, 2022ರಲ್ಲಿ ಇನ್ನೊಂದು. ಕಚೇರಿಗಳ ಬೋರ್ಡು ಬದಲಾಗುತ್ತಿತ್ತು. ಅದರ ವಿವರ ಇಲ್ಲಿ ಬೇಡ, ನನ್ನ ಕೋಣೆಯೊಳಗಿನ ಕೆಲಸಕ್ಕೆ ಅವುಗಳಿಂದಾದ ವ್ಯತ್ಯಾಸ ಕಡಿಮೆ.

ವ್ಯತ್ಯಾಸ ಮಾಡಿದ್ದು ಒಬ್ಬ ಕೊಲೆಗಾರ. ನಮ್ಮಿಂದ ಬೆಟ್ಟಸಾಲಿನ ಆಚೆ ಬದಿಗೆ ಹೈಡ್ ಎಂಬ ಊರು. ಅಲ್ಲಿಯ ಫ್ಯಾಮಿಲಿ ಡಾಕ್ಟರು ಹೆರಾಲ್ಡ್ ಶಿಪ್‌ಮನ್‌ಗೆ 2000ದ ಜನವರಿಯಲ್ಲಿ 15 ಕೊಲೆಗಳಿಗಾಗಿ ಶಿಕ್ಷೆಯಾಯಿತು; ಆಮೇಲಿನ ವಿಚಾರಣೆ ಅವನು ಕೊಂದ ರೋಗಿಗಳು 215 ಎಂದಿತು. ಹೆಚ್ಚಿನವರು ವಯಸ್ಸಾದ ಹೆಂಗಸರು. ಮನೆಗೇ ಹೋಗಿ ನೋಡುತ್ತಿದ್ದ, ಒಬ್ಬನೇ ದವಾಖಾನೆ ನಡೆಸುತ್ತಿದ್ದ, ಊರಿನವರು ತುಂಬ ಮೆಚ್ಚಿದ್ದ ಡಾಕ್ಟರು ಅವನು. ನಮ್ಮ ವೃತ್ತಿಯ ಅತ್ಯುತ್ತಮ ಗುಣ ಯಾವುದೆಂದು ನಾವು ನಂಬಿದ್ದೆವೋ ಅದನ್ನೇ ಬಳಸಿ ಅವನು ಕೊಂದಿದ್ದ. ಆ ಚಳಿಗಾಲ ಒಬ್ಬ ಅಜ್ಜಿಯ ಮನೆಗೆ ಹೋದಾಗ ಆಕೆಯ ಮಗ ಕೆಲಸ ಬಿಟ್ಟು ಬಂದು ಬಾಗಿಲ ಹತ್ತಿರ ನಿಂತಿದ್ದ. ಯಾಕೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಾನು ಬ್ಯಾಗಿನಿಂದ ತೆಗೆದ ಔಷಧಿಯ ಬಾಟಲಿಯನ್ನು ಅವನ ಕೈಗೆ ಕೊಟ್ಟು ಹೆಸರು ಓದಿಸಿ ಆಮೇಲೆ ಸೂಜಿ ಚುಚ್ಚಿದೆ. ಅಂದಿನಿಂದ ಒಂಟಿ ಡಾಕ್ಟರುಗಳ ಮೇಲೆ ಎಲ್ಲರಿಗೂ ಅನುಮಾನ. ಹಾಗೆ ಒಂಟಿಯಾಗಿ ದುಡಿಯುತ್ತಿದ್ದವರಲ್ಲಿ ಭಾರತ, ಪಾಕಿಸ್ತಾನಗಳಿಂದ ಬಂದವರು ಬಹಳ. ಅವರು ನಿವೃತ್ತರಾದಂತೆ ದವಾಖಾನೆಗಳು ಮುಚ್ಚಿದವು, ಇಲ್ಲವೇ ದೊಡ್ಡವುಗಳೊಳಗೆ ಸೇರಿಹೋದವು. ವರ್ಷಕ್ಕೊಮ್ಮೆ ಪ್ರತಿ ಡಾಕ್ಟರ ಕೆಲಸದ ಪರಿಶೀಲನೆ, 2012ರಿಂದ ಲೈಸೆನ್ಸು ಮುಂದುವರಿಸಲು ಮರುಪರಿಶೀಲನೆ ಬಂದದ್ದರ ಹಿಂದೆ ಈ ನೆರಳಿತ್ತು. ಪರಿಶೀಲನೆ ಬೇಕಾಗಿದ್ದದ್ದೇ. ಅದಕ್ಕೆ ನನ್ನ ತಕರಾರಿಲ್ಲ.

ಈಗ 2004ಕ್ಕೆ ಬರುತ್ತೇನೆ. ಹತ್ತಿರ ಹತ್ತಿರ ನಲವತ್ತು ವರ್ಷ ಇಂಗ್ಲೆಂಡಿನಲ್ಲಿ ಕಂಡ ಸುಧಾರಣೆಗಳಲ್ಲಿ ನಮ್ಮ ಕೆಲಸವನ್ನು ಬುಡಸಹಿತ ಬದಲಾಯಿಸಿದ್ದು ಆ ವರ್ಷದ ಏಪ್ರಿಲ್ 1ರ ಒಪ್ಪಂದ. ಈ ಸಲ ನಾವೇ ಮತ ಹಾಕಿ ಒಪ್ಪಿದ್ದು. ಅದರಲ್ಲಿ ಎಲ್ಲರೂ ಮಾತಾಡಿದ ಸಂಗತಿಗಳು ಎರಡು.

ಮೊದಲನೆಯದು ರಾತ್ರಿ. ವರ್ಷಕ್ಕೆ ಸುಮಾರು 6,000 ಪೌಂಡು ಬಿಟ್ಟುಕೊಟ್ಟರೆ ಸಂಜೆ ಆರೂವರೆಯಿಂದ ಬೆಳಿಗ್ಗೆ ಎಂಟರವರೆಗಿನ ಹೊಣೆ, ವಾರಾಂತ್ಯದ ಹೊಣೆ ಡಾಕ್ಟರ ಹೆಗಲಿನಿಂದ ಇಳಿಯುತ್ತದೆ ಎಂದಾಯಿತು. ದೇಶದ ಬಹುಪಾಲು ಡಾಕ್ಟರುಗಳು ಬಿಟ್ಟುಕೊಟ್ಟರು, ನಾವೂ ಕೊಟ್ಟೆವು. ರಾತ್ರಿಯಿಡೀ ಎದ್ದಿದ್ದು ಬೆಳಿಗ್ಗೆ ಮೂವತ್ತು ಜನರನ್ನು ನೋಡುವ ಡಾಕ್ಟರಿಂದ ರೋಗಿಗೂ ಕ್ಷೇಮವಿಲ್ಲ, ಇದು ನಿಜ. ನನ್ನ ಹೆಂಡತಿ ಹಾಸಿಗೆಯ ಪಕ್ಕದ ಫೋನನ್ನು ಕಿತ್ತು ಕೆಳಗಿನ ಕೋಣೆಗೆ ಹಾಕಿಸಿದಳು. ಆದರೆ ಆ ಹೊಣೆಯನ್ನು ವಹಿಸಿಕೊಂಡ ವ್ಯವಸ್ಥೆ ಎಲ್ಲ ಕಡೆ ಗಟ್ಟಿಯಾಗಿರಲಿಲ್ಲ. 2008ರಲ್ಲಿ ಕೇಂಬ್ರಿಜ್‌ಷೈರಿನಲ್ಲಿ ವಾರಾಂತ್ಯದ ಪಾಳಿಗೆಂದು ಜರ್ಮನಿಯಿಂದ ವಿಮಾನದಲ್ಲಿ ಬಂದ ಡಾಕ್ಟರೊಬ್ಬರು ಮೂತ್ರಪಿಂಡದ ಕಲ್ಲಿನ ನೋವಿನ ರೋಗಿಗೆ ಡಯಾಮಾರ್ಫಿನನ್ನು ಹತ್ತು ಪಟ್ಟು ಹೆಚ್ಚು ಕೊಟ್ಟು ಆ ರೋಗಿ ಸತ್ತದ್ದು ದೇಶಕ್ಕೇ ಗೊತ್ತಾಯಿತು. ರೋಗಿಯನ್ನು ಮೊದಲು ಒಮ್ಮೆಯೂ ಕಾಣದ ಡಾಕ್ಟರು, ಡಾಕ್ಟರನ್ನು ಮೊದಲು ಒಮ್ಮೆಯೂ ಕಾಣದ ಮನೆಯವರು.

ಎರಡನೆಯದು ಪಾಯಿಂಟುಗಳು. ಗುಣಮಟ್ಟ ಅಳೆಯಲು 146 ಅಳತೆಗಳು, ಒಟ್ಟು 1,050 ಪಾಯಿಂಟು, ಪಾಯಿಂಟಿಗೆ ಇಷ್ಟೆಂದು ಹಣ. ಬಿಪಿ 150/90ರ ಒಳಗೆ ಬಂದವರೆಷ್ಟು, ಕೊಲೆಸ್ಟರಾಲ್ 5ರ ಒಳಗೆ ಬಂದವರೆಷ್ಟು, ಬೀಡಿ ಸಿಗರೇಟು ಸೇದುತ್ತೀರಾ ಎಂದು ಕೇಳಿ ಬರೆದುಕೊಂಡದ್ದು ಎಷ್ಟು ಜನರಿಗೆ. ಕ್ವಾಫ್ ಎಂದು ಇದನ್ನು ಕರೆಯುತ್ತಿದ್ದೆವು. ಡಾಕ್ಟರುಗಳು ಮುಕ್ಕಾಲು ಪಾಲು ಗಳಿಸಿಯಾರು ಎಂದುಕೊಂಡಿತ್ತು ಸರ್ಕಾರ. ಮೊದಲ ವರ್ಷವೇ ಸರಾಸರಿ ಶೇ 91 ಗಳಿಸಿದರು. ನಮ್ಮ ದವಾಖಾನೆಯಲ್ಲಿ ನರ್ಸ್ ಸಕ್ಕರೆ ಕಾಯಿಲೆಯವರ ಪಟ್ಟಿ ತೆಗೆದು ವರ್ಷಗಟ್ಟಲೆ ಮುಖ ತೋರಿಸದವರಿಗೆಲ್ಲ ಫೋನು ಮಾಡಿದಳು. ಹಾಗೆ ಬಂದವರಲ್ಲಿ ಒಬ್ಬ ಬಸ್ ಡ್ರೈವರ್. ಕಣ್ಣಿನ ಹಿಂಪದರದ ಫೋಟೋ ತೆಗೆಸಿದರೆ ರಕ್ತ ಸೋರುವ ಹಂತ. ಲೇಸರ್ ಚಿಕಿತ್ಸೆ ಆಯಿತು, ದೃಷ್ಟಿ ಉಳಿಯಿತು, ಕೆಲಸವೂ ಉಳಿಯಿತು. ಪಾಯಿಂಟು ಎಂದು ನಾವು ಎಷ್ಟೇ ಗೊಣಗಿದರೂ ಆ ಮನುಷ್ಯನ ಕಣ್ಣು ಉಳಿದದ್ದು ಆ ಪಾಯಿಂಟಿನಿಂದ.

ಎರಡು ವರ್ಷದ ನಂತರ ಖಿನ್ನತೆಯನ್ನೂ ಸೇರಿಸಿದರು. ಖಿನ್ನತೆ ಎಂದು ಹೊಸದಾಗಿ ಗುರುತಿಸಿದವರಿಗೆ ಅದರ ತೀವ್ರತೆ ಅಳೆಯುವ ಪ್ರಶ್ನಾವಳಿ ಕೊಡಬೇಕು. ನಾವು ಬಳಸುತ್ತಿದ್ದದ್ದರಲ್ಲಿ ಒಂಬತ್ತು ಪ್ರಶ್ನೆಗಳು, ಒಂದೊಂದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ಒಬ್ಬ ಗೆಳೆಯ ಎಂದೇ ಹೇಳಬಹುದಾದ ರೋಗಿ ನನಗಿದ್ದರು. ಹದಿನೈದನೆಯ ವಯಸ್ಸಿನಿಂದ ಗಣಿಗೆ ಇಳಿದವರು, 1993ರಲ್ಲಿ ಗಣಿ ಮುಚ್ಚಿದ ಮೇಲೆ ಕೆಲಸ ಸಿಗದವರು. ಅವರ ಇಬ್ಬರು ಮಕ್ಕಳ ಬಾಣಂತನದ ಕಾಲದಿಂದ ಆ ಮನೆ ನನಗೆ ಗೊತ್ತು. ಮಂಡಿನೋವೆಂದು ಬಂದರು. ಮಂಡಿ ಮುಟ್ಟಿ ನೋಡಿದೆ, ಸುಮ್ಮನೆ ಕೂತೆ. ಅವರೂ ಸುಮ್ಮನೆ ಕೂತರು. ಆಮೇಲೆ ಮಗ ಹೆರಾಯಿನ್‌ಗೆ ಬಿದ್ದಿದ್ದಾನೆ ಎಂದರು. ಗಣಿ ಮುಚ್ಚಿದ ಊರುಗಳಲ್ಲಿ ಅದು ಮನೆಮನೆಯ ಕಥೆ. ನಾನು ಆ ಹಾಳೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂಬತ್ತನ್ನೂ ಓದಿದರು. ಪೆನ್ನು ಮುಟ್ಟಲಿಲ್ಲ. "ಇದೆಲ್ಲ ನಿಮಗೆ ಗೊತ್ತೇ ಇದೆಯಲ್ಲ ಡಾಕ್ಟರ್" ಎಂದು ಹಿಂದಕ್ಕೆ ಕೊಟ್ಟರು. ಹಾಳೆಯನ್ನು ಖಾನೆಯಲ್ಲಿಟ್ಟು ಅವರ ಮಾತು ಕೇಳಿದೆ. ಮುಂದಿನ ವಾರ ಬನ್ನಿ, ನನ್ನ ಹತ್ತಿರವೇ ಬನ್ನಿ ಎಂದೆ.

ನನ್ನ ಹತ್ತಿರವೇ ಬನ್ನಿ ಎನ್ನುವುದು ಅಷ್ಟು ಹೊತ್ತಿಗೆ ಕಷ್ಟವಾಗತೊಡಗಿತ್ತು. 48 ಗಂಟೆಯೊಳಗೆ ಪ್ರತಿಯೊಬ್ಬರಿಗೂ ಡಾಕ್ಟರು ಸಿಗಬೇಕೆಂದು ಸರ್ಕಾರ ಗುರಿ ಇಟ್ಟಿತ್ತು. ಒಳ್ಳೆಯ ಗುರಿಯೇ. ಆದರೆ ಅದನ್ನು ಮುಟ್ಟಲು ಅನೇಕ ದವಾಖಾನೆಗಳು ಮುಂಗಡವಾಗಿ ಸಮಯ ಕೊಡುವುದನ್ನೇ ನಿಲ್ಲಿಸಿದವು. ಬೆಳಿಗ್ಗೆ ಎಂಟಕ್ಕೆ ಫೋನು ಮಾಡಿ, ಸಿಕ್ಕಿದ ಡಾಕ್ಟರನ್ನು ನೋಡಿ. 2005ರ ಚುನಾವಣೆಯ ಹೊತ್ತಿನಲ್ಲಿ ಟೀವಿ ಕಾರ್ಯಕ್ರಮವೊಂದರಲ್ಲಿ ಒಬ್ಬ ತಾಯಿ ಇದನ್ನು ಹೇಳಿದಾಗ ಪ್ರಧಾನಿ ಬ್ಲೇರ್ ಅವರಿಗೇ ಆಶ್ಚರ್ಯವಾಯಿತು. ಮುಂದಿನ ಮಂಗಳವಾರ ತನ್ನ ಡಾಕ್ಟರನ್ನೇ ನೋಡಬೇಕೆಂಬ ಎಂಬತ್ತರ ಅಜ್ಜಿಗೆ ದಾರಿಯಿರಲಿಲ್ಲ.

ರಾತ್ರಿ ಮತ್ತು ಪಾಯಿಂಟು, ಪತ್ರಿಕೆಗಳು ಈ ಎರಡನ್ನೇ ಬರೆದವು. ಲೀಡ್ಸ್‌ನಲ್ಲೋ ಮ್ಯಾಂಚೆಸ್ಟರಿನಲ್ಲೋ ಯುಗಾದಿಗೆ ಸೇರಿದಾಗ ಹೋಳಿಗೆಯ ತಟ್ಟೆ ಹಿಡಿದುಕೊಂಡು ನಾವು ಕನ್ನಡದ ಡಾಕ್ಟರುಗಳು ವಾದಿಸಿದ್ದೂ ಇವೆರಡರ ಮೇಲೆಯೇ. ಅದೇ ಒಪ್ಪಂದದಲ್ಲಿದ್ದ ಇನ್ನೊಂದು ಸಾಲಿನ ಬಗ್ಗೆ ಯಾರೂ ಮಾತಾಡಲಿಲ್ಲ. ಇನ್ನು ಮುಂದೆ ರೋಗಿಯ ಹೆಸರು ಡಾಕ್ಟರ ಪಟ್ಟಿಯಲ್ಲಿ ಇರುವುದಿಲ್ಲ, ದವಾಖಾನೆಯ ಪಟ್ಟಿಯಲ್ಲಿ ಇರುತ್ತದೆ. ಆಡಳಿತದ ಅನುಕೂಲಕ್ಕೆಂದು ಮಾಡಿದ ಬದಲಾವಣೆ. ಅಲ್ಲಿಯವರೆಗೆ ಎನ್‌ಎಚ್‌ಎಸ್‌ನ ಮೆಡಿಕಲ್ ಕಾರ್ಡಿನ ಮೇಲೆ ಡಾಕ್ಟರ ಹೆಸರು ಅಚ್ಚಾಗಿರುತ್ತಿತ್ತು. ಎಷ್ಟೋ ಮನೆಗಳಲ್ಲಿ ಅಗ್ಗಿಷ್ಟಿಕೆಯ ಮೇಲಿನ ಗಡಿಯಾರದ ಹಿಂದೆ ಆ ಕಾರ್ಡುಗಳನ್ನು ಸಿಕ್ಕಿಸಿ ಇಟ್ಟಿದ್ದನ್ನು ಕಂಡಿದ್ದೇನೆ, ನನ್ನ ಹೆಸರಿನ ಅಕ್ಷರ ತಪ್ಪಾಗಿದ್ದ ಕಾರ್ಡುಗಳನ್ನೂ. ಕಾನೂನಿನ ಪ್ರಕಾರ ನನ್ನವರಾಗಿದ್ದ ಎರಡು ಸಾವಿರ ಜನ ಒಂದೇ ದಿನದಲ್ಲಿ ಯಾರವರೂ ಅಲ್ಲದವರಾದರು. ಅದರ ಫಲ ಆ ದಿನ ಕಾಣಲಿಲ್ಲ. ದವಾಖಾನೆಯ ಪಾಲುದಾರ ಡಾಕ್ಟರೊಬ್ಬರು ನಿವೃತ್ತರಾದಾಗ ಅವರ ಜನರನ್ನು ವಹಿಸಿಕೊಳ್ಳಲು ಯಾರೂ ಬೇಕಾಗಲಿಲ್ಲ; ಅವರು ಎಲ್ಲರಿಗೂ ಹಂಚಿಹೋದರು. ಲ್ಯಾಬಿನ ರಿಪೋರ್ಟು ಬಂದರೆ ಆ ದಿನ ಇದ್ದವರು ನೋಡಿದರು. ಹೊಸದಾಗಿ ಬಂದ ಯುವ ಡಾಕ್ಟರುಗಳು ನನಗಿಂತ ಚುರುಕು, ನನಗಿಂತ ಹೆಚ್ಚು ಓದಿದವರು. ಆದರೆ 'ಇವರು ನನ್ನ ರೋಗಿ' ಎನ್ನಲು ಅವರಿಗೆ ಆಧಾರವನ್ನೇ ಯಾರೂ ಕೊಟ್ಟಿರಲಿಲ್ಲ.

ಇದು ಮುದುಕನ ಹಳೇ ನೆನಪಿನ ಹಂಬಲವೆಂದು ಓದುಗರು ತಿಳಿಯಬಾರದು. 2009ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಂದ ಅಧ್ಯಯನ ಇಂಗ್ಲೆಂಡಿನ ಪಾಯಿಂಟು ಪದ್ಧತಿಯನ್ನು ತೂಗಿ ನೋಡಿತು. ಸಕ್ಕರೆ ಕಾಯಿಲೆ, ಉಬ್ಬಸಗಳ ಆರೈಕೆ ಮೊದಲಿಗೆ ಚುರುಕಾಗಿ ಸುಧಾರಿಸಿತು, ಆಮೇಲೆ ಅಲ್ಲೇ ನಿಂತಿತು. ರೋಗಿಗೆ ಅದೇ ಡಾಕ್ಟರು ಸಿಗುವುದು ಮಾತ್ರ ಕಡಿಮೆಯಾಯಿತು ಎಂದು ಅದು ಹೇಳಿತು. ಅದೇ ಡಾಕ್ಟರು ಸಿಗುವುದರಿಂದ ಆಗುವುದಾದರೂ ಏನು? ನಾರ್ವೆ 2001ರಲ್ಲಿ ನಮಗೆ ವಿರುದ್ಧವಾದ ಸುಧಾರಣೆ ಮಾಡಿತು. ಪ್ರತಿ ಪ್ರಜೆಗೂ ಹೆಸರು ಹೇಳಿ ಒಬ್ಬ ಡಾಕ್ಟರನ್ನು ಗೊತ್ತುಮಾಡಿತು. ಇಪ್ಪತ್ತು ವರ್ಷದ ಮೇಲೆ ಲೆಕ್ಕ ತೆಗೆದರು. ಒಬ್ಬರೇ ಡಾಕ್ಟರ ಹತ್ತಿರ ಹದಿನೈದು ವರ್ಷಕ್ಕಿಂತ ಹೆಚ್ಚು ಇದ್ದವರನ್ನು ಒಂದೇ ವರ್ಷ ಇದ್ದವರೊಂದಿಗೆ ಹೋಲಿಸಿದರೆ, ಹೊತ್ತಲ್ಲದ ಹೊತ್ತಿನಲ್ಲಿ ಡಾಕ್ಟರನ್ನು ಕರೆಯುವುದು ಸುಮಾರು ಶೇ 30 ಕಡಿಮೆ, ತುರ್ತಾಗಿ ಆಸ್ಪತ್ರೆ ಸೇರುವುದು ಶೇ 28 ಕಡಿಮೆ, ಸಾವಿನ ಸಂಭವ ಶೇ 25 ಕಡಿಮೆ. ಇಂಥ ಫಲ ಕೊಡುವ ಮಾತ್ರೆಯನ್ನು ಯಾವುದಾದರೂ ಕಂಪನಿ ಕಂಡುಹಿಡಿದಿದ್ದರೆ ಸರ್ಕಾರಗಳು ಕೇಳಿದಷ್ಟು ಕೊಟ್ಟು ಕೊಳ್ಳುತ್ತಿದ್ದವು.

ಇಂಗ್ಲೆಂಡಿಗೂ ಇದು ತಿಳಿಯದೆ ಇಲ್ಲ. 2014ರಲ್ಲಿ ಎಪ್ಪತ್ತೈದು ದಾಟಿದವರಿಗೆ, ಮರುವರ್ಷ ಎಲ್ಲರಿಗೂ ಹೊಣೆ ಹೊತ್ತ ಒಬ್ಬ ಡಾಕ್ಟರ ಹೆಸರು ಇರಬೇಕೆಂದು ಮತ್ತೆ ನಿಯಮ ಬಂತು. ಕಂಪ್ಯೂಟರಿನಲ್ಲಿ ಒಂದೇ ಮಧ್ಯಾಹ್ನ ಎಲ್ಲರಿಗೂ ಒಂದೊಂದು ಹೆಸರು ಹಂಚಿ ಮುಗಿಸಿದೆವು. ಎಂಟು ಗಂಟೆಯ ಫೋನು ಹಾಗೇ ಇತ್ತು, ಆದ್ದರಿಂದ ರೋಗಿಗೆ ಆ ಹೆಸರು ಗೊತ್ತಾಗಲೂ ಇಲ್ಲ. 2024ರ ಚುನಾವಣೆಯಲ್ಲಿ ಲೇಬರ್ ಪಕ್ಷ ಫ್ಯಾಮಿಲಿ ಡಾಕ್ಟರನ್ನು ಮರಳಿ ತರುತ್ತೇವೆ ಎಂದು ಪ್ರಣಾಳಿಕೆಯಲ್ಲಿ ಬರೆದು ಗೆದ್ದಿತು. ಒಡೆಯಲು ಒಂದು ಸಾಲು ಸಾಕಾಗಿತ್ತು, ಕಟ್ಟಲು ಎಷ್ಟು ವರ್ಷ ಬೇಕಾದೀತೋ.

ನಾನು 2017ರಲ್ಲಿ ನಿವೃತ್ತನಾದೆ. ಈಗ ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿರುತ್ತೇನೆ. ಹೋದ ಸಲ ಅಕ್ಕ ತನ್ನ ಕಾಗದಗಳನ್ನೆಲ್ಲ ಜವಳಿ ಅಂಗಡಿಯ ಕೈಚೀಲದಲ್ಲಿ ತುಂಬಿ ತಂದು ನನ್ನ ಮುಂದೆ ಸುರಿದಳು. ಬಿಪಿಗೆ ಒಬ್ಬ ತಜ್ಞರು, ಸಕ್ಕರೆಗೆ ಇನ್ನೊಬ್ಬರು, ಮಂಡಿಗೆ ಮತ್ತೊಬ್ಬರು. ಮಾತ್ರೆಯ ಪಟ್ಟಿಗಳನ್ನು ಸಾಲಾಗಿ ಜೋಡಿಸಿ ನೋಡಿದರೆ ಅಮ್ಲೋಡಿಪಿನ್ ಎಂಬ ಒಂದೇ ಬಿಪಿ ಔಷಧಿ ಎರಡು ಕಂಪನಿಯ ಎರಡು ಹೆಸರಿನಲ್ಲಿ ಇದೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಕಾಲು ಬಾತುಕೊಂಡಿದೆಯೆಂದು ಅದಕ್ಕೆ ಮೂರನೆಯ ಮಾತ್ರೆ. "ಎಲ್ಲಾರೂ ಶ್ಯಾಣ್ಯಾ ಡಾಕ್ಟರ್‌ಗೋಳ ಅದಾರೋ ತಮ್ಮಾ. ಆದರ ಎಲ್ಲಾನೂ ಕೂಡಿಸಿ ನೋಡಾವ್ರು ಯಾರೂ ಇಲ್ಲ" ಎಂದಳು. ಒಬ್ಬೊಬ್ಬರೂ ತಮ್ಮ ಪಾಲಿನದನ್ನು ಸರಿಯಾಗಿಯೇ ಮಾಡಿದ್ದರು.

ಕರ್ನಾಟಕದಲ್ಲೂ ಸುಧಾರಣೆಗಳು ನಡೆದಿವೆ, ಅವು ದೊಡ್ಡವೇ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಆಸ್ಪತ್ರೆ ಖರ್ಚು ಭರಿಸುತ್ತದೆ. ಆಸ್ತಿ ಮಾರಿ ಆಪರೇಷನ್ ಮಾಡಿಸಿಕೊಂಡವರನ್ನು ಕಂಡ ನನಗೆ ಅದರ ಬೆಲೆ ಗೊತ್ತು. ನಗರಗಳಲ್ಲಿ 'ನಮ್ಮ ಕ್ಲಿನಿಕ್' ಎಂಬ ಸರ್ಕಾರಿ ದವಾಖಾನೆಗಳು ತೆರೆದಿವೆ. ಆರೋಗ್ಯ ದಾಖಲೆಗಳಿಗಾಗಿ 14 ಅಂಕಿಯ ಆಭಾ ಸಂಖ್ಯೆ ಬಂದಿದೆ. ಆ ಕಾರ್ಡಿನಲ್ಲಿ ರೋಗಿಯ ಹೆಸರಿದೆ, ಫೋಟೋ ಇದೆ, ಹುಟ್ಟಿದ ದಿನವಿದೆ. ಡಾಕ್ಟರ ಹೆಸರಿಗೆ ಜಾಗವಿಲ್ಲ. ಯೋಜನೆಗಳನ್ನು ಬರೆಯುವವರಲ್ಲಿ ನನ್ನ ವಿನಂತಿ ಇಷ್ಟೇ: ಆ ಜಾಗ ಮಾಡಿ. ಪ್ರತಿ ಕುಟುಂಬಕ್ಕೆ ಹೆಸರು ಹಿಡಿದು ಕರೆಯುವ ಒಬ್ಬ ಡಾಕ್ಟರು ಇರಲಿ, ಆ ಹೆಸರಿಗೆ ತಕ್ಕ ಹಣವನ್ನು ಸರ್ಕಾರ ಆ ಡಾಕ್ಟರಿಗೆ ಕೊಡಲಿ. ಅಲ್ಲಿಯವರೆಗೆ ಓದುಗರು ಕಾಯಬೇಕಾಗಿಲ್ಲ. ನಿಮ್ಮ ಓಣಿಯಲ್ಲಿ ಇಂದಿಗೂ ಮೇಜು ಹಾಕಿಕೊಂಡು ಕೂತಿರುವ ಒಬ್ಬ ಎಂಬಿಬಿಎಸ್ ಡಾಕ್ಟರನ್ನು ಆರಿಸಿಕೊಳ್ಳಿ. ತಜ್ಞರು ಬರೆದದ್ದನ್ನೆಲ್ಲ ಅವರ ಹತ್ತಿರ ಒಯ್ದು ಒಮ್ಮೆ ಕೂಡಿಸಿ ನೋಡಿಸಿ. ಸೂಜಿ ಹಾಕದೆ, ಮಾತ್ರೆ ಬರೆಯದೆ ಬರೀ ಮಾತಾಡಿ ಕಳಿಸಿದ ದಿನವೂ ಅವರ ಫೀಸು ಕೊಟ್ಟು ಬನ್ನಿ.